1928ರ 4472ಗೆ ಡಿಫ್ಲೆಕ್ಟರ್ ಅಂಟಿಸಬೇಡಿ
ಸರ್, 1928ರ ಮೇ 1ರಂದು ಲಂಡನ್‌ನಿಂದ ಎಡಿನ್‌ಬರೋಗೆ ಎಲ್ಲೂ ನಿಲ್ಲದೆ ಓಡಿದ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಉಗಿ ಎಂಜಿನ್‌ನ (ನಂಬರ್ 4472) ಮಾಡೆಲ್ ಮಾಡ್ತಿದ್ದೀನಿ ಅಂದಿದ್ದೀರಿ. ನೀವು ಹಾಕಿದ ಫೋಟೋದಲ್ಲಿ ನೋಡಿದರೆ ಜೋಡಿ ಚಿಮಣಿ, ಇಕ್ಕೆಲದಲ್ಲೂ ಜರ್ಮನ್ ಡಿಫ್ಲೆಕ್ಟರ್ (ಹೊಗೆಯನ್ನು ಮೇಲಕ್ಕೆ ತಳ್ಳುವ ತಗಡು)! ಬಣ್ಣಕ್ಕೆ ಕೈ ಹಾಕುವ ಮೊದಲು ಎರಡನ್ನೂ ಕಿತ್ತುಬಿಡಿ. ಇವತ್ತು ಓಡುತ್ತಿರುವ ಎಂಜಿನ್ ನೋಡಿಕೊಂಡು ಹಳೆಯದನ್ನು ಕಟ್ಟಲು ಹೋಗಿ ಇಲ್ಲಿ ಎಷ್ಟೋ ಜನ ಎಡವಿದ್ದಾರೆ.

ಡಿಫ್ಲೆಕ್ಟರ್ ಅಂದಕ್ಕೆ ಬಂದದ್ದಲ್ಲ. 1959ರ ಜನವರಿಯಲ್ಲಿ ಕೈಲ್‌ಚಾಪ್ ಎಂಬ ಎಕ್ಸಾಸ್ಟ್ (ಹೊಗೆ-ಹಬೆ ಹೊರಬಿಡುವ) ವ್ಯವಸ್ಥೆಯ ಜೋಡಿ ಚಿಮಣಿ ಕೂರಿಸಿದರು. ಎಂಜಿನ್ ಸಲೀಸಾಗಿ ಉಸಿರಾಡಿತು, ಆದರೆ ಎಕ್ಸಾಸ್ಟ್‌ನ ರಭಸ ತಗ್ಗಿ ಹೊಗೆ ಬಾಯ್ಲರ್ ಮೇಲೇ ಮಲಗಿತು, ಡ್ರೈವರ್‌ಗೆ ಸಿಗ್ನಲ್ ಕಾಣದಾಯಿತು. ಅದಕ್ಕೇ 1961ರ ಕೊನೆಗೆ ಡಿಫ್ಲೆಕ್ಟರ್ ಬಂತು. ಅಷ್ಟು ಹೊತ್ತಿಗೆ ನಂಬರ್ 60103, ಬಣ್ಣ ಕಡುಹಸಿರು. ಆಪಲ್ ಗ್ರೀನ್ (1928ರ ತಿಳಿಹಸಿರು) ಜತೆ ಡಿಫ್ಲೆಕ್ಟರ್ ಕಂಡದ್ದು ಖಾಸಗಿ ಕೈಗೆ ಹೋದ ಮೇಲೆ, ಅದೂ ಬಹಳ ತಡವಾಗಿ.

ಇನ್ನೊಂದು, ಇದನ್ನು ಎಲ್ಲರೂ ಮರೆಯುತ್ತಾರೆ: ಸ್ಮೋಕ್‌ಬಾಕ್ಸ್‌ನ (ಬಾಯ್ಲರ್ ಮುಂತುದಿಯ ಹೊಗೆಪೆಟ್ಟಿಗೆ) ಮೇಲ್ಬದಿಯಲ್ಲಿರುವ ಆಯತಾಕಾರದ ಹೆಡರ್ ಕವರ್. 1928ರಲ್ಲಿ ಈ ಎಂಜಿನ್ ಇನ್ನೂ ಎ1 ವರ್ಗದ್ದು. ಬಾಯ್ಲರ್ ಒತ್ತಡ ಚದರ ಇಂಚಿಗೆ 180 ಪೌಂಡ್, ಸೂಪರ್‌ಹೀಟರ್‌ಗೆ (ಹಬೆಯನ್ನು ಇನ್ನಷ್ಟು ಕಾಯಿಸುವ ಭಾಗ) 32 ಎಲಿಮೆಂಟ್ ಅಂದರೆ ಕೊಳವೆ. 1947ರಲ್ಲಿ ಸುಧಾರಿಸಿ ಎ3 ವರ್ಗ ಆದಾಗ 220 ಪೌಂಡ್, 43 ಎಲಿಮೆಂಟ್. ಆ ಕೊಳವೆಗಳು ಸೇರುವ ಹೆಡರ್ ಅಗಲವಾಗಿ ಹೊರಚಾಚಿದ್ದಕ್ಕೇ ಆ ಕವರ್, 1928ರ ಮಾಡೆಲ್‌ಗೆ ಅದು ಬೇಡ. ಚಪ್ಪಟೆ ಬ್ಲೇಡಿನಿಂದ ತೆಳುತೆಳುವಾಗಿ ಹೆರೆಯಿರಿ, ಒಂದೇ ಸಲಕ್ಕೆ ಎಬ್ಬಿಸಲು ಹೋದರೆ ಪಕ್ಕದ ರಿವೆಟ್ ಸಾಲು ಹಾರುತ್ತದೆ. ಆಮೇಲೆ 600, 1000 ನಂಬರಿನ ವೆಟ್ ಪೇಪರ್. ಪ್ರೈಮರ್ ಹೊಡೆದು ಗಾಯ ಕಾಣುತ್ತದಾ ನೋಡಿ, ಕಂಡರೆ ಪುಟ್ಟಿ ಹಚ್ಚಿ ಮತ್ತೆ ಉಜ್ಜಿ. ಬಾಯ್ಲರ್ ಮೇಲಿನ ಗುಮ್ಮಟ, ಅಂದರೆ ಡೋಮ್ ದುಂಡಗಿರಬೇಕು, ಉದ್ದನೆಯ ಬ್ಯಾಂಜೋ ಡೋಮ್ ಬೇಡ.

ಮಾಡೆಲ್ ಕಂಪನಿ ಹಾರ್ನ್‌ಬಿಯ ಬಾಕ್ಸಿನ ಮೇಲಿನ ಹೆಸರೊಂದನ್ನೇ ನಂಬಿ ಕೊಳ್ಳಬೇಡಿ, ಇದೇ ಹೆಸರಲ್ಲಿ ಎ1, ಎ3 ಎರಡೂ ಬಂದಿವೆ. ಟೆಂಡರ್ (ಎಂಜಿನ್ ಹಿಂದಿನ ಕಲ್ಲಿದ್ದಲು-ನೀರಿನ ಗಾಡಿ) ಕಾರಿಡಾರ್‌ನದೇ ಆಗಬೇಕು. ನಡುದಾರಿಯಲ್ಲಿ ಸಿಬ್ಬಂದಿ ಬದಲಾಗುತ್ತಿದ್ದದ್ದು ಅದರೊಳಗಿಂದಲೇ. ಒಳದಾರಿ 18 ಇಂಚು ಅಗಲ, 5 ಅಡಿ ಎತ್ತರ. ಓಓ ಅಳತೆಯ (1:76) ಮಾಡೆಲ್‌ಗೆ 6 ಮತ್ತು 20 ಮಿಮೀ.

ಹಂಬ್ರೋಲ್ ಬಣ್ಣದ ಡಬ್ಬಿಗಳನ್ನು ಬೆರೆಸಿ ಆಪಲ್ ಗ್ರೀನ್ ಮಾಡುವ ಸಾಹಸ ದಯವಿಟ್ಟು ಬೇಡ. ನಾಳೆ ಒಂದು ಗೀರು ಬಿದ್ದರೆ ಅದೇ ಛಾಯೆ ಮತ್ತೆ ಸಿಗಲ್ಲ. ಎಲ್‌ಎನ್‌ಇಆರ್ (ಈ ಎಂಜಿನ್ ಓಡಿಸುತ್ತಿದ್ದ ರೈಲು ಕಂಪನಿ) ಹಸಿರು ಅಂತಲೇ ಮಾರುವ ಫೀನಿಕ್ಸ್ ಪ್ರಿಸಿಶನ್ ಬಣ್ಣ ವಾಸಿ. ತಿಳಿಬೂದು ಪ್ರೈಮರ್ ಮೇಲೆ ತೆಳು ಕೋಟ್‌ಗಳು ಸಾಕು. ಕಡುಬಣ್ಣದ ಪ್ರೈಮರ್ ಮೇಲೆ ಹಸಿರು ಮಂಕಾಗುತ್ತದೆ. ಲೈನಿಂಗ್ ಟ್ರಾನ್ಸ್‌ಫರ್ (ಅಂಚಿನ ಗೆರೆಗಳ ಅಚ್ಚು) ಇಡುವ ಮುಂಚೆ ಹೊಳಪಿನ ವಾರ್ನಿಷ್ ಬೇಕೇ ಬೇಕು, ಇಲ್ಲದಿದ್ದರೆ ಅಂಚು ಬೆಳ್ಳಗೆ ಕಾಣುತ್ತದೆ.

ಸಿಲಿಂಡರಿಗೆ ಹಬೆ ಬಿಡುವ ವಾಲ್ವ್‌ಗಳನ್ನು ನಡೆಸುವ ಸರಳುಗಳ, ಅಂದರೆ ವಾಲ್ವ್ ಗೇರ್ ಬಗ್ಗೆಯೂ ಹೇಳಿಬಿಡುತ್ತೇನೆ. 1926ರಿಂದ ಎ1ಗಳಿಗೆ ಒಂದೊಂದಾಗಿ ಲಾಂಗ್ ಟ್ರಾವೆಲ್ (ಹೆಚ್ಚು ದೂರ ಸರಿಯುವ) ವಾಲ್ವ್ ಹಾಕಿದ ಮೇಲೆ ಕಟ್‌ಆಫ್ (ಪ್ರತಿ ಹೊಡೆತದಲ್ಲಿ ಹಬೆ ಒಳಬಿಡುವ ಪಾಲು) ಬಹಳ ಕಡಿಮೆ ಮಾಡಿ ಓಡಿಸುತ್ತಿದ್ದರು, ಕಲ್ಲಿದ್ದಲು ಚೆನ್ನಾಗಿ ಉಳಿಯಿತು. ಆದ್ದರಿಂದ ವೇಗದ ಓಟದ ಭಂಗಿಗೆ ವಾಲ್ವ್ ಕಡೆಗೆ ಹೋಗುವ ಸರಳು ರೇಡಿಯಸ್ ರಾಡ್, ಓಲಾಡುವ ಬಾಗಿದ ಪಟ್ಟಿ ಎಕ್ಸ್‌ಪಾನ್ಷನ್ ಲಿಂಕ್‌ನ ನಡುಭಾಗಕ್ಕೆ ಹತ್ತಿರವಿರಲಿ, ತುದಿಯಲ್ಲಿ ಅಂಟಿಸಬೇಡಿ.