ಟೋಟಲ್ ಲಾಸ್ ಆದ ಕಾರನ್ನು ಹರಾಜಿನಲ್ಲಿ ಕೊಂಡು ಮತ್ತೆ ರಸ್ತೆಗಿಳಿಸಬಹುದೇ?

ಇಳಿಸಬಹುದು, ಆದರೆ ಅದರ ಆರ್‌ಸಿ (ನೋಂದಣಿ ಪತ್ರ) ಇನ್ನೂ ಚಾಲ್ತಿಯಲ್ಲಿದ್ದರೆ ಮಾತ್ರ. ದುರಸ್ತಿಯ ಖರ್ಚು ವಿಮಾ ಘೋಷಿತ ಮೌಲ್ಯದ (ಪಾಲಿಸಿಯಲ್ಲಿ ಕಾರಿಗೆ ನಮೂದಿಸಿದ ಬೆಲೆಯ) ಶೇ 75ನ್ನು ಮೀರಿದಾಗ ವಿಮಾ ಕಂಪನಿ ಕಾರನ್ನು ಟೋಟಲ್ ಲಾಸ್ ಎಂದು ಪರಿಗಣಿಸುತ್ತದೆಯೇ ಹೊರತು, ಅಷ್ಟರಿಂದಲೇ ನೋಂದಣಿ ರದ್ದಾಗುವುದಿಲ್ಲ; ಮೋಟಾರು ವಾಹನ ಕಾಯ್ದೆಯ 55ನೇ ಕಲಮಿನಡಿ ಆರ್‌ಟಿಒ ಅದನ್ನು ರದ್ದುಪಡಿಸಿದ್ದರೆ, ಆ ಕಾರು ಬಿಡಿಭಾಗಗಳಿಗಷ್ಟೇ ಲಾಯಕ್ಕು. ಆದ್ದರಿಂದ ಮುಂಗಡ ಕೊಡುವ ಮೊದಲೇ ಪರಿವಾಹನ್ ಜಾಲತಾಣದಲ್ಲಿ ಆರ್‌ಸಿಯ ಸ್ಥಿತಿ ಮತ್ತು ಸಾಲದ ನಮೂದನ್ನು ನೋಡಿಕೊಂಡು, ಚಾಸಿ ಸಂಖ್ಯೆಯನ್ನು ಕಾರಿನ ಮೇಲಿನ ಅಚ್ಚಿನೊಂದಿಗೆ ತಾಳೆ ಹಾಕಿ. ಅಲ್ಲಿ ಉಜ್ಜಿದ ಅಥವಾ ವೆಲ್ಡಿಂಗ್ ಮಾಡಿದ ಗುರುತು ಕಂಡರೆ, ಎಷ್ಟೇ ಅಗ್ಗವಾಗಿದ್ದರೂ ಕೈಬಿಡುವುದು ಲೇಸು. ಬಳಿಕ ನಮೂನೆ 29 ಮತ್ತು 30ರಲ್ಲಿ ಮಾಲೀಕತ್ವದ ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕು. ಎಂಜಿನ್ ಬದಲಿಸುವುದಾದರೆ ಆರ್‌ಟಿಒ ಅನುಮತಿ ಬೇಕು. ಹೊಸ ಪಾಲಿಸಿ ಕೊಡುವ ಮುನ್ನ ವಿಮಾ ಕಂಪನಿ ಕಾರನ್ನು ಪರಿಶೀಲಿಸುವುದರಿಂದ ರಿಪೇರಿಯ ಬಿಲ್ಲುಗಳನ್ನೆಲ್ಲ ಜೋಪಾನವಾಗಿಡಿ.