ನೆರಳಿಲ್ಲದ ಮಧ್ಯಾಹ್ನ, 525 ಪಟ್ಟಿನ ಟೆಲಿಸ್ಕೋಪು: ಆಕಾಶದ ಬಗ್ಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ಆನ್‌ಲೈನ್‌ನಲ್ಲಿ ಟೆಲಿಸ್ಕೋಪ್ ತರಿಸಿದ್ದೇವೆ. ಮಸೂರ 70 ಮಿ.ಮೀ., ನಾಭಿದೂರ 700 ಮಿ.ಮೀ., ಡಬ್ಬಿಯ ಮೇಲೆ ‘525 ಪಟ್ಟು’ ಎಂದಿದೆ. ಚಂದ್ರ ಚೆನ್ನಾಗಿ ಕಾಣುತ್ತಾನೆ, ಶನಿ ಮಾತ್ರ ಬರೀ ಮಬ್ಬು. ಪೀಸ್ ಕೆಟ್ಟಿರಬಹುದೇ? (ರಾಯಚೂರು)

ಚಂದ್ರ ಸ್ಪಷ್ಟವಾಗಿ ಕಾಣುತ್ತಿದ್ದರೆ ಪೀಸ್ ಬಹುಮಟ್ಟಿಗೆ ಸರಿಯಾಗಿಯೇ ಇದೆ. ನಾಭಿದೂರವನ್ನು ಐಪೀಸಿನ (ಕಣ್ಣಿಟ್ಟು ನೋಡುವ ಕಡೆಯ ಪುಟ್ಟ ಮಸೂರ) ಅಳತೆಯಿಂದ ಭಾಗಿಸಿದರೆ ವರ್ಧನೆ ಸಿಗುತ್ತದೆ. 20 ಮಿ.ಮೀ. ಐಪೀಸ್ ಹಾಕಿದರೆ 35 ಪಟ್ಟು, 4 ಮಿ.ಮೀ. ಹಾಕಿದರೆ 175. ಅದರ ಜತೆ ವರ್ಧನೆ ಹೆಚ್ಚಿಸುವ 3 ಪಟ್ಟಿನ ಬಾರ್ಲೋ ಮಸೂರ ಸೇರಿಸಿದರೆ 525. ಗುಣಾಕಾರ ಸರಿ, ಆದರೆ ಉಪಯೋಗವಿಲ್ಲದ ಸಂಖ್ಯೆ. ಮಸೂರದ ಅಗಲ ಎಷ್ಟು ಮಿ.ಮೀ. ಇದೆಯೋ ಅದರ ಎರಡು ಪಟ್ಟಿನಾಚೆ ಯಾವ ಹೊಸ ವಿವರವೂ ಕಾಣುವುದಿಲ್ಲ. ನಿಮ್ಮದಕ್ಕೆ ಗಡಿ 140. ವರ್ಧನೆ 35ರಿಂದ 525ಕ್ಕೆ ಏರಿದರೆ ಗ್ರಹದ ಬಿಂಬದ ಹೊಳಪು 225 ಪಾಲು ಇಳಿಯುತ್ತದೆ. ಮೇಲಾಗಿ ಭೂಮಿ ತಿರುಗುತ್ತಿರುವುದರಿಂದ ಶನಿ ಸುಮಾರು 20 ಸೆಕೆಂಡಿನಲ್ಲಿ ನೋಟದಿಂದ ಜಾರಿಹೋಗುತ್ತದೆ. ಸ್ಟ್ಯಾಂಡ್ ಮುಟ್ಟಿದರೆ ಸಾಕು, ಚಿತ್ರ ಕುಣಿಯುತ್ತದೆ.

ಹೀಗೆ ಮಾಡಿ. ಹಗಲಿನಲ್ಲೇ ಒಂದು ಕಿ.ಮೀ. ಆಚೆಯ ಮೊಬೈಲ್ ಟವರಿನ ತುದಿಯನ್ನು 20 ಮಿ.ಮೀ. ಐಪೀಸಿನ ನಡುವಿಗೆ ತನ್ನಿ. ಅದೇ ತುದಿ ಫೈಂಡರಿನ (ಗುರಿ ಹಿಡಿಯಲು ಪಕ್ಕಕ್ಕೆ ಕೂರಿಸಿದ ಪುಟ್ಟ ಟೆಲಿಸ್ಕೋಪು) ನಡುವೆಯೂ ಬರುವಂತೆ ಅದರ ತಿರುಪು ಬಿಗಿಯಿರಿ. ರಾತ್ರಿ ನೋಡುವ ಅರ್ಧ ಗಂಟೆ ಮೊದಲೇ ಟೆಲಿಸ್ಕೋಪನ್ನು ಹೊರಗಿಡಿ. ನಮ್ಮ ಕಡೆ ಬೇಸಿಗೆಯಲ್ಲಿ ಕಾದ ಮಾಳಿಗೆ ರಾತ್ರಿ ಹತ್ತಾದರೂ ಬಿಸಿ ಉಗುಳುತ್ತಿರುತ್ತದೆ. ಆ ಬಿಸಿಗಾಳಿಯ ಮೂಲಕ ಯಾವ ಗ್ರಹವೂ ನೆಟ್ಟಗೆ ನಿಲ್ಲದು. ಬಯಲಿನ ಮಣ್ಣಿನ ನೆಲ ವಾಸಿ. ಗ್ರಹವನ್ನು 35 ಪಟ್ಟಿನಲ್ಲಿ ಹಿಡಿದು ಆಮೇಲೆ ಐಪೀಸ್ ಬದಲಿಸಿ, 10 ಮಿ.ಮೀ. ಸಿಕ್ಕರೆ 70 ಪಟ್ಟು ಆಗುತ್ತದೆ. ಶನಿಯ ಉಂಗುರಗಳು 2025ರ ಮಾರ್ಚ್‌ನಲ್ಲಿ ನಮಗೆ ಅಂಚು ತೋರಿಸಿದವು. ಹಾಗಾಗಿ ಅದಾದ ಒಂದೆರಡು ವರ್ಷ ಅವು ತೆಳ್ಳಗೇ ಕಾಣುತ್ತವೆ, ಅದಕ್ಕೆ ಟೆಲಿಸ್ಕೋಪನ್ನು ಬೈಯಬೇಡಿ.

ಡಬ್ಬಿಯಲ್ಲಿ ಐಪೀಸಿಗೆ ತಿರುಗಿಸಿ ಹಾಕುವ ಕಪ್ಪು ‘ಸೂರ್ಯನ ಫಿಲ್ಟರ್’ ಇದ್ದರೆ ಇವತ್ತೇ ಬಿಸಾಕಿ. ಮಸೂರ ಒಟ್ಟುಗೂಡಿಸಿದ ಬಿಸಿಲು ಬೀಳುವ ಜಾಗದಲ್ಲೇ ಅದು ಕೂರುತ್ತದೆ. ಕಾದು ಸೀಳಿದರೆ ಕಣ್ಣು ಹೋದಂತೆಯೇ.

ಪ್ರಶ್ನೆ: ಧ್ರುವ ನಕ್ಷತ್ರ ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತದೆ ಅಂತಾರೆ. ನಮ್ಮೂರಾಗ ಹುಡುಕಿ ಹುಡುಕಿ ಸಾಕಾತು, ಕಾಣವಲ್ದು. (ಗಂಗಾವತಿ)

ಹೊಳಪಿನ ಪಟ್ಟಿಯಲ್ಲಿ ಅದರ ಸ್ಥಾನ 50ರ ಆಸುಪಾಸು. ಮಿರಮಿರ ಮಿನುಗುವುದನ್ನೇ ಹುಡುಕಿದರೆ ಸಿಗದು. ಯಾವ ಊರಿನಲ್ಲೇ ಆಗಲಿ, ಆ ಊರಿನ ಅಕ್ಷಾಂಶ ಎಷ್ಟೋ ಧ್ರುವ ನಕ್ಷತ್ರ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಎತ್ತರದಲ್ಲಿರುತ್ತದೆ. ಗಂಗಾವತಿಗೆ ಅದು 15.4. ಕೈ ನೀಡಿ ಹಿಡಿದ ಮುಷ್ಟಿ 10 ಡಿಗ್ರಿ ಮುಚ್ಚುತ್ತದೆ, ಅಂದರೆ ಉತ್ತರದ ದಿಗಂತದಿಂದ ಒಂದೂವರೆ ಮುಷ್ಟಿ ಮೇಲೆ. ಇಷ್ಟು ಕೆಳಗಿರುವುದರಿಂದ ದೂಳು, ಬೀದಿದೀಪ, ಗುಡ್ಡ ಏನಾದರೂ ಅಡ್ಡ ಬರುತ್ತದೆ. ಏಪ್ರಿಲ್‌, ಮೇ ತಿಂಗಳಲ್ಲಿ ರಾತ್ರಿ ಒಂಬತ್ತರ ಹೊತ್ತಿಗೆ ಸಪ್ತರ್ಷಿ ಮಂಡಲ ಉತ್ತರದಲ್ಲಿ ಮೇಲಿರುತ್ತದೆ. ಅದರ ಚೌಕದಲ್ಲಿ ಬಾಲಕ್ಕೆ ಎದುರು ಬದಿಯಲ್ಲಿರುವ ಪುಲಹ, ಕ್ರತು (ಆಗ ಕೆಳಗಿರುವುದು) ನಕ್ಷತ್ರಗಳನ್ನು ಸೇರಿಸುವ ಗೆರೆಯನ್ನು ಕ್ರತುವಿನ ಕಡೆಯಿಂದ ಐದು ಪಟ್ಟು ಮುಂದಕ್ಕೆ ಎಳೆಯಿರಿ. ಆರ್‌ಸಿಸಿ ಮಾಳಿಗೆಯ ಮೇಲೆ ಮೊಬೈಲ್ ದಿಕ್ಸೂಚಿಯನ್ನು ನಂಬಬೇಡಿ, ಒಳಗಿನ ಕಬ್ಬಿಣದ ಸರಳು ಅದನ್ನು ದಾರಿ ತಪ್ಪಿಸುತ್ತದೆ.

ಪ್ರಶ್ನೆ: ಶೂನ್ಯ ನೆರಳಿನ ದಿನ ಬಳ್ಳಾರಿಯಲ್ಲಿ 12 ಗಂಟೆಗೆ ಸರಿಯಾಗಿ ಕೋಲು ನಿಲ್ಲಿಸಿದೆವು, ನೆರಳು ಇತ್ತು. ಯಾಕೆ? (ಬಳ್ಳಾರಿ)

ಶೂನ್ಯ ನೆರಳಿನ ದಿನ ಅಂದರೆ ನಡುಮಧ್ಯಾಹ್ನ ಸೂರ್ಯ ನೇರ ನೆತ್ತಿಯ ಮೇಲೆ ಬಂದು, ನೆಟ್ಟಗಿನ ಕೋಲಿಗೆ ನೆರಳೇ ಬೀಳದ ದಿನ. ಆದರೆ ಗಡಿಯಾರದ 12 ನಿಮ್ಮೂರಿನ ನಡುಮಧ್ಯಾಹ್ನ ಅಲ್ಲ. ದೇಶದ ಸಮಯ 82.5 ಡಿಗ್ರಿ ರೇಖಾಂಶದ್ದು, ಬಳ್ಳಾರಿ 76.9ರಲ್ಲಿದೆ. ಡಿಗ್ರಿಗೆ 4 ನಿಮಿಷದಂತೆ 22 ನಿಮಿಷ ತಡ. ಮೇ ಆರಂಭದಲ್ಲಿ ಸೂರ್ಯ ಗಡಿಯಾರಕ್ಕಿಂತ 3 ನಿಮಿಷ ಮುಂದಿರುವುದನ್ನು ಕಳೆದರೆ ಸುಮಾರು 12.19. ನೀವು ನೋಡಿದ 12 ಗಂಟೆಗೆ ಸೂರ್ಯ ಇನ್ನೂ ಐದು ಡಿಗ್ರಿಯಷ್ಟು ಪೂರ್ವಕ್ಕಿದ್ದ, ಒಂದು ಮೀಟರ್ ಕೋಲಿಗೆ 8 ಸೆಂ.ಮೀ. ನೆರಳು ಬಿದ್ದೇ ಬೀಳುತ್ತದೆ.

ಬಳ್ಳಾರಿಗೆ ಆ ದಿನ ಮೇ 1ರ ಆಸುಪಾಸು, ಕೊಪ್ಪಳಕ್ಕೆ ಮೇ 2 (12.22), ರಾಯಚೂರಿಗೆ ಮೇ 5 (12.17). ಆಗಸ್ಟ್‌ 8ರಿಂದ 12ರೊಳಗೆ ಮತ್ತೊಮ್ಮೆ ಬರುತ್ತದೆ, ಮೋಡ ಬಿಟ್ಟರೆ. ಕೋಲು ಓರೆಯಾದರೆ ಇಷ್ಟೂ ಲೆಕ್ಕ ವ್ಯರ್ಥ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಎರಡು ಬದಿಯಿಂದ ನೋಡಿ ನೆಟ್ಟಗೆ ನಿಲ್ಲಿಸಿ.

ಪ್ರಶ್ನೆ: ಬೆಳಿಗ್ಗೆ ಎಂಟಕ್ಕೆ ಚಂದ್ರ ಕಂಡರೆ ಅಪಶಕುನವೇ? (ಮಾನ್ವಿ)

ಅಲ್ಲ. ಹುಣ್ಣಿಮೆ ಕಳೆದ ಮೇಲೆ ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟಿ ತಡವಾಗಿ ಮುಳುಗುತ್ತಾನೆ. ಕೃಷ್ಣಪಕ್ಷದ ಅಷ್ಟಮಿಯ ಹೊತ್ತಿಗೆ ಮಧ್ಯಾಹ್ನದವರೆಗೂ ಆಕಾಶದಲ್ಲಿರುತ್ತಾನೆ.

ಪ್ರಶ್ನೆ: ಪುಸ್ತಕದ ಚಿತ್ರದಲ್ಲಿ ಗ್ರಹಗಳು ಒತ್ತೊತ್ತಾಗಿ ಕೂತಿವೆ. ನಿಜವಾದ ಅಂತರ ಮಕ್ಕಳಿಗೆ ತೋರಿಸುವುದು ಹೇಗೆ? (ಶಿಕ್ಷಕರು, ಕುಷ್ಟಗಿ)

ಭೂಮಿಗೆ 4 ಮಿ.ಮೀ. ಗಾತ್ರದ ಒಂದು ಜೋಳದ ಕಾಳು ಇಟ್ಟುಕೊಳ್ಳಿ. ಆಗ ಚಂದ್ರ ಗಸಗಸೆ ಕಾಳು, ಜೋಳದಿಂದ 12 ಸೆಂ.ಮೀ. ದೂರ. ಸೂರ್ಯನಿಗೆ 44 ಸೆಂ.ಮೀ. ಅಗಲದ ರಟ್ಟಿನ ಬಿಲ್ಲೆ ಕತ್ತರಿಸಿ ಶಾಲೆಯ ಗೋಡೆಗೆ ಅಂಟಿಸಿ. ಅಲ್ಲಿಂದ ಬುಧ 18 ಮೀಟರ್, ಶುಕ್ರ 34, ಭೂಮಿ 47, ಮಂಗಳ 72 ಮೀಟರ್. ಗುರು 4.4 ಸೆಂ.ಮೀ. ನಿಂಬೆಹಣ್ಣು, 245 ಮೀಟರ್ ಆಚೆ. ಶನಿ 450 ಮೀಟರ್, ನೆಪ್ಚೂನ್ 1.4 ಕಿ.ಮೀ. ಸೂರ್ಯನ ನಂತರ ನಮಗೆ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ 4.24 ಜ್ಯೋತಿರ್ವರ್ಷ ದೂರದಲ್ಲಿದೆ. ಒಂದು ಜ್ಯೋತಿರ್ವರ್ಷ ಅಂದರೆ 9.46 ಲಕ್ಷ ಕೋಟಿ ಕಿ.ಮೀ. ಇದೇ ಅಳತೆಯಲ್ಲಿ ಅದನ್ನು ಇಡಬೇಕಾದದ್ದು 12,600 ಕಿ.ಮೀ. ಆಚೆ, ನಿಜವಾದ ಭೂಮಿಯ ವ್ಯಾಸದಷ್ಟು ದೂರ.

ಮಂಗಳದವರೆಗೆ ಶಾಲೆಯ ಮೈದಾನ ಸಾಕಾಗಬಹುದು. ಗುರುವಿಗೆ ಊರಾಚೆಯ ಬಯಲು ಬೇಕು. ಅದಕ್ಕೂ ಮುಂದಿನ ಗ್ರಹಗಳನ್ನು ಲೆಕ್ಕದಲ್ಲೇ ಮುಗಿಸಿ, ಮಕ್ಕಳನ್ನು ಹೆದ್ದಾರಿಗೆ ಇಳಿಸಬೇಡಿ.