8 ಗಂಟೆ ಪೂರ್ವಕ್ಕೆ ಹೋಗ್ತಿದ್ದೀರಾ? ಮೊದಲ ದಿನದ ಬೆಳಗಿನ ಬಿಸಿಲಿಗೆ ಹೋಗಬೇಡಿ

ಗಡಿಯಾರ ನಮ್ಮದಕ್ಕಿಂತ 8 ಗಂಟೆ ಮುಂದಿರುವ ಊರಿಗೆ ಹೊರಟಿದ್ದೇನೆ, ಒಂದು ವಾರ ಮೊದಲಿಂದಲೇ ಅಲ್ಲಿನ ಸಮಯಕ್ಕೆ ಮಲಗಿ ಏಳೋದು ರೂಢಿ ಮಾಡ್ಕೊಳ್ಳಲಾ ಅಂತ ಕೇಳಿದ್ದೀರಿ. ಬೇಡ. ನಾನು ಅದನ್ನೇ ಮಾಡಿ ನೋಡಿದವನು.

ನನ್ನದೂ ಪೂರ್ವಕ್ಕೆ, ನನ್ನದೂ 8 ಗಂಟೆ. ಅಲ್ಲಿನ ರಾತ್ರಿ 11 ಅಂದರೆ ಮನೆಯಲ್ಲಿ ಮಧ್ಯಾಹ್ನ 3. ಕಿಟಕಿಗೆ ಕಂಬಳಿ ಕಟ್ಟಿ, ಫೋನ್ ಆಫ್ ಮಾಡಿ, ಮಟಮಟ ಮಧ್ಯಾಹ್ನ ಹಾಸಿಗೆ ಸೇರುತ್ತಿದ್ದೆ. ನಿದ್ದೆ ಎಲ್ಲಿಂದ ಬರಬೇಕು? ದಿನಕ್ಕೆ ಮೂರು ಗಂಟೆ ಕಣ್ಣು ಮುಚ್ಚಿದ್ದರೆ ಜಾಸ್ತಿ. ಎದ್ದು ಹೊರಗೆ ಬಂದರೆ ಮತ್ತೆ ಅದೇ ಊರಿನ ಬೆಳಕು, ಅದೇ ಕತ್ತಲೆ. ವಿಮಾನ ಹತ್ತುವ ಹೊತ್ತಿಗೆ ವಾರದ ನಿದ್ದೆ ಬಾಕಿ ಉಳಿದಿತ್ತು, ಮೈ ಮಾತ್ರ ಮನೆಯ ಸಮಯವನ್ನು ಬಿಟ್ಟಿರಲಿಲ್ಲ.

ಇಷ್ಟಾದರೂ ಸುಧಾರಿಸಿಕೊಳ್ಳಬಹುದಿತ್ತು. ನನ್ನನ್ನು ಕೆಡವಿದ್ದು ಇಳಿದ ಮೇಲೆ ಮಾಡಿದ ತಪ್ಪು.

ಎರಡು ವರ್ಷ ದುಡಿದ ಕೆಲಸವನ್ನು ಅಲ್ಲಿನವರ ಮುಂದೆ ಇಡಬೇಕಿತ್ತು. ನಾಲ್ಕನೇ ದಿನ, ಮಧ್ಯಾಹ್ನ 2ಕ್ಕೆ. ಹೊಂದಿಕೊಳ್ಳಲಿ ಅಂತಲೇ ಅಷ್ಟು ಮುಂಚೆ ಹೋಗಿದ್ದೆ. ಇಳಿದದ್ದು ಬೆಳಗ್ಗೆ 6ಕ್ಕೆ. 'ಇಳಿದ ತಕ್ಷಣ ಬಿಸಿಲಿಗೆ ಹೋಗು, ಎಲ್ಲ ಸರಿಹೋಗುತ್ತೆ' ಅಂತ ಎಲ್ಲರೂ ಹೇಳಿದ್ದರು. ರೂಮಿಗೆ ಬ್ಯಾಗ್ ಹಾಕಿ 7ರಿಂದ 9ರವರೆಗೆ ಬಿಸಿಲಲ್ಲಿ ನಡೆದೆ. ಮಧ್ಯಾಹ್ನ ಕಣ್ಣು ಎಳೆದಾಗ ಪರದೆ ಎಳೆದು ಮಲಗಿದೆ. ಮೂರು ದಿನವೂ ಹೀಗೇ.

ಇದು ಯಾಕೆ ತಪ್ಪು ಅನ್ನೋದನ್ನು ಬಿಡಿಸಿ ಹೇಳುತ್ತೇನೆ, ದಯವಿಟ್ಟು ಈ ಭಾಗ ಹಾರಿಸಬೇಡಿ. ಬೆಳಗಿನ ಜಾವ ಮೈ ತಣ್ಣಗಾಗಿ, ಅರೆನಿದ್ದೆಯಲ್ಲೇ ಹೊದಿಕೆ ಎಳೆದುಕೊಳ್ಳುತ್ತೇವಲ್ಲ, ದೇಹದ ಒಳಗಿನ ಉಷ್ಣತೆ ಆಗ ದಿನದಲ್ಲೇ ಅತಿ ಕಡಿಮೆ ಇರುತ್ತದೆ. ಸಾಮಾನ್ಯವಾಗಿ ನಾವು ಏಳುವುದಕ್ಕೆ 2ರಿಂದ 3 ಗಂಟೆ ಮೊದಲು. 7ಕ್ಕೆ ಏಳುವವರಿಗೆ ಸುಮಾರು 4.30 ಅಂತಿಟ್ಟುಕೊಳ್ಳಿ. ಈ ಗಳಿಗೆ ದಾಟಿದ ಮೇಲಿನ ಕೆಲವು ಗಂಟೆಗಳಲ್ಲಿ ಕಣ್ಣಿಗೆ ಬಿದ್ದ ಬೆಳಕು ಮೈಯ ಗಡಿಯಾರವನ್ನು ಮುಂದಕ್ಕೆ ತಳ್ಳುತ್ತದೆ, ಅಂದರೆ ನಿದ್ದೆಯೂ ಎಚ್ಚರವೂ ಬೇಗ ಬರುತ್ತವೆ. ಅದಕ್ಕೆ ಮುಂಚಿನ ಕೆಲವು ಗಂಟೆಗಳಲ್ಲಿ ಬಿದ್ದ ಬೆಳಕು ಹಿಂದಕ್ಕೆ ಎಳೆಯುತ್ತದೆ, ಅಂದರೆ ಎರಡೂ ತಡವಾಗುತ್ತವೆ. ಅದೇ ಬಿಸಿಲು, ಆದರೆ ಕೆಲಸ ಪೂರಾ ಉಲ್ಟಾ.

ಈಗ ಲೆಕ್ಕ ಹಾಕಿ. ಮನೆಯ 4.30 ಅಂದರೆ ಅಲ್ಲಿ ಮಧ್ಯಾಹ್ನ 12.30. ನಾನು ನಡೆದದ್ದು ಬೆಳಗ್ಗೆ 7ರಿಂದ 9, ಮೈಗೆ ಅದು ರಾತ್ರಿ 11ರಿಂದ 1. ಆಗ ಬಿದ್ದ ಬೆಳಕನ್ನು ಮೈ 'ಓಹೋ, ಇನ್ನೂ ಸಂಜೆ ಮುಗಿದಿಲ್ಲ' ಅಂತ ಓದಿಕೊಂಡಿತು. ಮುಂದೆ ಹೋಗಬೇಕಾದ ಗಡಿಯಾರ ದಿನಾ ಹಿಂದೆ ಜಾರಿತು. 12.30ರ ನಂತರದ ಬೆಳಕು ನನಗೆ ಬೇಕಾಗಿದ್ದ ಔಷಧಿ, ಅದನ್ನು ಪರದೆ ಎಳೆದು ನಾನೇ ತಡೆದಿದ್ದೆ. ನಾಲ್ಕನೇ ದಿನ ಮಧ್ಯಾಹ್ನ 2 ಅನ್ನೋದು ನನ್ನ ಮೈಗೆ ನಡುರಾತ್ರಿಯ ತಳ.

ಕೈಯಲ್ಲಿ ರಿಮೋಟ್ ಹಿಡಿದು ನಿಂತಿದ್ದೆ. ಒಂದೇ ಸ್ಲೈಡನ್ನು ಎರಡು ಸಲ ಓದಿದೆ, ಎರಡನೇ ಸಲ ಓದುತ್ತಿದ್ದೇನೆ ಅನ್ನೋದು ಗೊತ್ತೇ ಆಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ಹೆಂಗಸೊಬ್ಬರು ಎದ್ದು ಬಂದು ನೀರಿನ ಲೋಟವನ್ನು ನನ್ನ ಕೈಹತ್ತಿರ ಇಟ್ಟು ಹೋದರು. ಆಮೇಲೆ ಅವರು ಕೇಳಿದ ಪ್ರಶ್ನೆಗಳಿಗೆಲ್ಲ ನನ್ನ ಹತ್ತಿರ ಉತ್ತರ ಇತ್ತು, ಬಾಯಿಗೆ ಬರಲಿಲ್ಲ. ಆ ಕೆಲಸ ಬೇರೆಯವರ ಪಾಲಾಯಿತು. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಹೇಳೋದು, ನಿದ್ದೆಯ ಹಿಂದೆ ಬೀಳಬೇಡಿ, ಬೆಳಕು ನೋಡಿಕೊಳ್ಳಿ. ನಿದ್ದೆಯನ್ನು ಬಾ ಅಂದರೆ ಬರುವುದಿಲ್ಲ. ಬೆಳಕು ನಿಮ್ಮ ಕೈಯಲ್ಲಿದೆ. ನೀವೂ 11ಕ್ಕೆ ಮಲಗಿ 7ಕ್ಕೆ ಏಳುವವರು ಅಂತ ಬರೆದಿದ್ದೀರಿ, ಹಾಗಾಗಿ ನನ್ನ ಲೆಕ್ಕವೇ ನಿಮಗೂ. ಮೊದಲ ದಿನ ಮಧ್ಯಾಹ್ನ 12.30ರವರೆಗೆ ಕಪ್ಪು ಕನ್ನಡಕ, ಮಬ್ಬು ರೂಮು. ಆಮೇಲೆ 4ರವರೆಗೆ ಹೊರಗೇ ಇರಿ, ಎಷ್ಟೇ ತೂಕಡಿಕೆ ಬಂದರೂ. ಮರುದಿನ 11.30ರಿಂದ ಬೆಳಕು, ಅದರ ಮರುದಿನ 10.30ರಿಂದ. ಗಡಿಯಾರ ದಿನಕ್ಕೆ ಹೆಚ್ಚೂಕಮ್ಮಿ ಒಂದು ಗಂಟೆ ಸರಿಯುತ್ತದೆ, ಅವಸರ ಮಾಡಿ ಪ್ರಯೋಜನವಿಲ್ಲ. ಎರಡನೇ ಸಲ ಹೋದಾಗ ನಾನು ಇದನ್ನೇ ಮಾಡಿದೆ. ಐದನೇ ರಾತ್ರಿ ಹನ್ನೆರಡರೊಳಗೆ ನಿದ್ದೆ ಬಂತು.

ಮನೆಯಲ್ಲೇ ಏನಾದರೂ ಮಾಡಲೇಬೇಕು ಅನಿಸಿದರೆ, ಹೊರಡುವುದಕ್ಕೆ ಮುಂಚಿನ ಮೂರು ದಿನ, ದಿನಕ್ಕೆ ಒಂದು ಗಂಟೆ ಬೇಗ ಎದ್ದು ಬೆಳಕಿಗೆ ಹೋಗಿ. ಅಷ್ಟು ಸಾಕು. ಅಷ್ಟು ಸರಿದರೆ ಆ 12.30 ಕೂಡ ಎರಡು ಮೂರು ಗಂಟೆ ಮೊದಲೇ ಬರುತ್ತದೆ, ಲೆಕ್ಕ ಹಾಗೆಯೇ ಬದಲಿಸಿಕೊಳ್ಳಿ.

ಮೆಲಟೋನಿನ್ ಬಗ್ಗೆಯೂ ಕೇಳಿದ್ದೀರಿ. ಅದು ನಿದ್ದೆ ಮಾತ್ರೆ ಅಲ್ಲ, ಮೈಗೆ 'ಕತ್ತಲಾಯಿತು' ಅಂತ ಹೇಳುವ ಹಾರ್ಮೋನು. ತಪ್ಪು ಹೊತ್ತಿಗೆ ತೆಗೆದುಕೊಂಡರೆ ನನ್ನ ಬೆಳಗಿನ ವಾಕಿನ ಹಾಗೇ ಉಲ್ಟಾ ಹೊಡೆಯುತ್ತದೆ. ಬೇರೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ವಾಪಸ್ ಬರುವಾಗ ಇಷ್ಟು ಕಷ್ಟ ಇರಲ್ಲ. ನಮ್ಮ ಒಳಗಿನ ಗಡಿಯಾರ ಒಂದು ಸುತ್ತು ಮುಗಿಸೋಕೆ ಸಾಮಾನ್ಯವಾಗಿ 24 ಗಂಟೆಗಿಂತ ಸ್ವಲ್ಪ ಜಾಸ್ತಿಯೇ ತೆಗೆದುಕೊಳ್ಳುತ್ತದೆ, ಹಾಗಾಗಿ ಪಶ್ಚಿಮಕ್ಕೆ ಬಂದಾಗ ದಿನ ಉದ್ದವಾದರೆ ಅದಕ್ಕೆ ಒಗ್ಗುತ್ತದೆ. ಸಂಜೆ ಬೆಳಕಲ್ಲಿ ಓಡಾಡಿ, ಸಾಕು.

ನೀವೂ ಬೆಳಗ್ಗೆ 6ಕ್ಕೇ ಇಳಿಯುತ್ತಿದ್ದೀರಿ. ಕಪ್ಪು ಕನ್ನಡಕವನ್ನು ಸೂಟ್‌ಕೇಸಿಗೆ ಹಾಕಬೇಡಿ, ಕೈಚೀಲದಲ್ಲಿ ಮೇಲೆಯೇ ಇಟ್ಟುಕೊಳ್ಳಿ. ವಿಮಾನದ ಬಾಗಿಲು ದಾಟುವ ಮೊದಲೇ ಹಾಕಿಕೊಳ್ಳಬೇಕು.